ರಕ್ತ, ರೋಗನಿರೋಧಕ ಶಕ್ತಿ, ಕಿವಿ: ಮೂರರಲ್ಲೂ ಒಬ್ಬರೇ ಸಂಶೋಧನೆ ಮಾಡಲು ಸಾಧ್ಯವೇ?

ಆಸ್ಟ್ರೇಲಿಯಾದ ಹ್ಯಾಮಿಶ್ ಸ್ಕಾಟ್ ಎಂಬ ಅಣು ತಳಿವಿಜ್ಞಾನಿ ಈ ಮೂರರ ಮೇಲೂ ಕೆಲಸ ಮಾಡಿದ್ದಾರೆಂದು ಓದಿ ನೀವು ಕೇಳಿದ್ದೀರಿ. ವಿಜಯಪುರದಲ್ಲಿ ಬಿ.ಎಸ್ಸಿ. ಓದುತ್ತಿರುವ ನಿಮ್ಮ ಮಗಳು ಯಾವುದಾದರೂ ಒಂದನ್ನೇ ಗಟ್ಟಿಯಾಗಿ ಹಿಡಿಯಬೇಕಲ್ಲವೇ ಎಂಬುದು ನಿಮ್ಮ ಚಿಂತೆ. ನಾನು ಬೆಳಗಾವಿಯಲ್ಲಿ ಇದೇ ಕೆಲಸದಲ್ಲಿದ್ದೇನೆ. ಅವರೂ ಒಂದನ್ನೇ ಹಿಡಿದರು ಎಂಬುದು ನನ್ನ ಉತ್ತರ.

ಕಿವಿಗೊಬ್ಬರು, ರಕ್ತಕ್ಕೊಬ್ಬರು ಎಂಬ ವಿಂಗಡಣೆ ಆಸ್ಪತ್ರೆಯದು. ನಾವು ಹುಡುಕುವುದು ರೋಗ ತರುವ ವಂಶವಾಹಿಗೆ (ಜೀನ್) ವರ್ಣತಂತುವಿನ (ಕ್ರೋಮೋಸೋಮ್) ಮೇಲಿರುವ ವಿಳಾಸವನ್ನು. 21ನೇ ವರ್ಣತಂತುವಿನ ತುದಿಯಲ್ಲಿ ‘ಏರ್’ ಎಂಬ ವಂಶವಾಹಿ ಇದೆ. 1997ರಲ್ಲಿ ಎರಡು ತಂಡಗಳು ಅದನ್ನು ಪತ್ತೆ ಮಾಡಿದವು. ಒಂದರಲ್ಲಿ ಸ್ಕಾಟ್ ಇದ್ದರು. ಎದೆಯೊಳಗಿನ ಥೈಮಸ್ ಗ್ರಂಥಿಯಲ್ಲಿ ಬೆಳೆಯುವ, ಸೋಂಕಿನೊಡನೆ ಹೋರಾಡುವ ಟಿ ಕೋಶಗಳಿಗೆ ಸ್ವಂತ ಅಂಗಗಳ ಗುರುತು ಸಿಗುವುದು ಅದರಿಂದ. ಅದು ಕೆಟ್ಟರೆ ದೇಹ ತನ್ನ ಗ್ರಂಥಿಗಳ ಮೇಲೆಯೇ ಎರಗುತ್ತದೆ. ಅದೇ ತುದಿಯಲ್ಲಿರುವ ‘ಟಿಎಂಪಿಆರ್‌ಎಸ್‌ಎಸ್3’ ದೋಷದಿಂದ ಕಿವುಡುತನ ಬರುತ್ತದೆಂದು ಅವರ ತಂಡ 2001ರಲ್ಲಿ ತೋರಿಸಿತು. ಕಿವಿಯ ವಂಶವಾಹಿ ಪಕ್ಕದ ಓಣಿಯಲ್ಲೇ ಸಿಕ್ಕಿತ್ತು! 2011ರಲ್ಲಂತೂ ಅವರ ಕೆಲಸದಲ್ಲಿ ‘ಗಾಟಾ2’ ಬಂತು. ಈ ಒಂದೇ ವಂಶವಾಹಿಯ ದೋಷ ಕೆಲವು ಕುಟುಂಬಗಳಲ್ಲಿ ರಕ್ತದ ಕ್ಯಾನ್ಸರ್, ಕೆಲವರಲ್ಲಿ ಮೇಲಿಂದ ಮೇಲೆ ಸೋಂಕು, ಇನ್ನು ಕೆಲವರಲ್ಲಿ ಕಾಲಿನ ಬಾವಿನೊಂದಿಗೆ ಕಿವುಡುತನ ತರುತ್ತದೆ. ಮೂರು ವಿಭಾಗಗಳಿಗೆ ಅಲೆದ ರೋಗಿಗೆ ಕಾರಣ ಒಂದೇ ಇರಬಹುದು.

ಟಿಎಂಪಿಆರ್‌ಎಸ್‌ಎಸ್3 ಸಿಕ್ಕಿದ್ದು ರಕ್ತಸಂಬಂಧದಲ್ಲಿ ಮದುವೆಯಾದ ಪ್ಯಾಲೆಸ್ತೀನ್ ಮತ್ತು ಪಾಕಿಸ್ತಾನದ ಕುಟುಂಬಗಳ ನೆರವಿನಿಂದ. ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಹೆಣ್ಣು ಕೊಡುವ ನಮ್ಮ ಬೆಳಗಾವಿ, ಬಾಗಲಕೋಟೆ ಕಡೆಯ ಮನೆಗಳೂ ಹಾಗೆಯೇ. ಮುತ್ತಜ್ಜನ ಒಂದೇ ತುಣುಕು ತಾಯಿಯಿಂದಲೂ ತಂದೆಯಿಂದಲೂ ಮಗುವಿಗೆ ಇಳಿದಿರುತ್ತದೆ. ಎರಡೂ ಪ್ರತಿ ಒಂದೇ ಆಗಿರುವ ಆ ಭಾಗದಲ್ಲೇ ದೋಷ ಅಡಗಿರುವ ಸಾಧ್ಯತೆ ಹೆಚ್ಚು.

ಹಾಗಾಗಿ ನಮ್ಮ ಕೆಲಸ ಶುರುವಾಗುವುದು ವಂಶವೃಕ್ಷದಿಂದ. ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ, ಸಂಬಂಧದಲ್ಲೇ ಮದುವೆಯಾಗಿದ್ದರೆ ನಡುವೆ ಜೋಡಿಗೆರೆ. ಕ್ಷಯದ ಲಸಿಕೆ ಬಿಸಿಜಿ ಹಾಕಿಸಿದ ಮೇಲೆ ಸೋಂಕು ಮೈಯೆಲ್ಲ ಹರಡಿದ ಒಂದು ಗಂಡುಮಗುವಿನ ವಂಶವೃಕ್ಷ ಬರೆಯುವಾಗ ತಾಯಿಯ ತಾಯಿ ತಡೆದರು: “ಅದನ್ನು ಯಾಕೆ ಬರೆಯುತ್ತೀಯವ್ವ, ಹಾಲು ಕುಡಿಯುವಾಗಲೇ ಹೋದ ಕೂಸು.” ಅದು ಅವರ ಮಗ, ಮಗುವಿನ ಸೋದರಮಾವ. ಲೆಕ್ಕಕ್ಕೇ ಇಲ್ಲದ ಆ ಚೌಕ ಸೇರಿದೊಡನೆ ಎಕ್ಸ್ ವರ್ಣತಂತುವಿನ ಮೇಲೆ ಅನುಮಾನ ಬಂತು. ತಾಯಂದಿರ ಮೂಲಕ ಸಾಗಿ ಗಂಡುಮಕ್ಕಳನ್ನು ಕಾಡುವ ದೋಷದ ಗುರುತೇ ಅದು. ರಕ್ತ ಸರಿಯಾಗಿ ಹೆಪ್ಪುಗಟ್ಟದ ಹಿಮೋಫೀಲಿಯಾದ ಮನೆಗಳಲ್ಲೂ ಚಿತ್ರ ಹೀಗೆಯೇ ಇರುತ್ತದೆ. ಯಾವ ಯಂತ್ರವೂ ಆ ಅಜ್ಜಿಯನ್ನು ಮಾತನಾಡಿಸಲಾರದು.

ಹುಟ್ಟು ಕಿವುಡುತನದ ಮನೆಗಳಲ್ಲಿ ನನಗೆ ಸಂಕಟ ತರುವುದು ಬೇರೆ ಸಂಗತಿ. ಸೊಸೆಯ ಕಡೆಯವರ ದೋಷ ಎಂಬ ಮಾತು ಅದಾಗಲೇ ಬಂದುಹೋಗಿರುತ್ತದೆ. ಭಾರತದಲ್ಲಿ ಹೆಚ್ಚು ಕಾಣುವುದು ‘ಜಿಜೆಬಿ2’ ವಂಶವಾಹಿಯ ಒಂದು ಅಕ್ಷರದ ಬದಲಾವಣೆ. ಅದರಿಂದ ಪ್ರೋಟೀನ್ ಸರಪಳಿ 24ನೇ ಕೊಂಡಿಯ (ಅಮೈನೋ ಆಮ್ಲ) ಜಾಗದಲ್ಲೇ ನಿಂತುಹೋಗುತ್ತದೆ. ಮಗುವಿನ ಎರಡೂ ಪ್ರತಿಗಳಲ್ಲಿ ಅದಿದ್ದರೆ ಒಂದು ತಾಯಿಯಿಂದ, ಇನ್ನೊಂದು ತಂದೆಯಿಂದ ಬಂದದ್ದು. ಈ ಮಕ್ಕಳಲ್ಲಿ ಶ್ರವಣ ನರ ಸಾಮಾನ್ಯವಾಗಿ ಚೆನ್ನಾಗಿರುವುದರಿಂದ, ಬೇಗ ಮಾಡಿಸಿದ ಕಾಕ್ಲಿಯರ್ ಇಂಪ್ಲಾಂಟ್ (ಒಳಗಿವಿಯಲ್ಲಿ ಕೂರಿಸುವ ಶ್ರವಣ ಸಾಧನ) ಒಳ್ಳೆಯ ಫಲ ಕೊಡುತ್ತದೆ. ವರದಿ ಕೊಡುವ ದಿನ ಗಂಡನನ್ನೂ ಅತ್ತೆಯನ್ನೂ ಎದುರು ಕೂರಿಸಿಯೇ, ದೋಷ ಇಬ್ಬರಿಂದಲೂ ಬಂದದ್ದು ಎಂಬುದನ್ನು ನಾನು ಹೇಳುತ್ತೇನೆ.

ನಿಮ್ಮ ಮಗಳು ಈಗಲೇ ಅಂಗ ಆರಿಸಿಕೊಳ್ಳುವುದು ಬೇಡ. ಸಂಖ್ಯಾಶಾಸ್ತ್ರ ಗಟ್ಟಿ ಮಾಡಿಕೊಳ್ಳಲಿ, ಡಿಎನ್‌ಎ ದತ್ತಾಂಶ ಓದುವಷ್ಟು ಪ್ರೋಗ್ರಾಮಿಂಗ್ ಕಲಿಯಲಿ. ಎಂ.ಎಸ್ಸಿ. ನಂತರ ಎನ್‌ಇಟಿ ಎಂಬ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಬರೆದು ಫೆಲೋಶಿಪ್ ಪಡೆದರೆ ಮುಂಬೈನ ರಾಷ್ಟ್ರೀಯ ಇಮ್ಯುನೋಹೆಮಟಾಲಜಿ ಸಂಸ್ಥೆಯಲ್ಲಿ ರಕ್ತ ಮತ್ತು ರೋಗನಿರೋಧಕ ದೋಷಗಳ ಮೇಲೆ ಕೆಲಸ ಮಾಡಬಹುದು. ಶ್ರವಣಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಇದೆ. ಮಾರ್ಗದರ್ಶಕರನ್ನು ಆರಿಸುವಾಗ, ಅವರ ಪ್ರಯೋಗಾಲಯಕ್ಕೆ ರಕ್ತದ ಟ್ಯೂಬ್ ಮಾತ್ರ ಬರುತ್ತದೆಯೋ, ರೋಗಿಯ ಮನೆಯವರೂ ಬರುತ್ತಾರೋ ಎಂದು ಕೇಳಲಿ. ಮನೆಯವರು ಬರುವ ಕಡೆ ಸೇರುವುದು ಒಳ್ಳೆಯದು.