ಕಾಲೇಜು, ಹಾಸ್ಟೆಲು, ಮೊಬೈಲು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗಳು ಬಿ.ಎಸ್ಸಿ. ಮೊದಲ ವರ್ಷದಲ್ಲಿದ್ದಾಳೆ. ಅವಳಿರುವ ಹಾಸ್ಟೆಲಿನಲ್ಲಿ ಸಂಜೆ ಆರು ಗಂಟೆಗೆ ಎಲ್ಲರ ಮೊಬೈಲನ್ನೂ ವಾರ್ಡನ್ ಪಡೆದುಕೊಂಡು ಬೆಳಿಗ್ಗೆ ಮರಳಿಸುತ್ತಾರೆ. ಓದಿನ ದೃಷ್ಟಿಯಿಂದ ಇದೇ ಒಳ್ಳೆಯದೆಂದು ನಮ್ಮ ಯಜಮಾನರು ಹೇಳುತ್ತಾರೆ. ರಾತ್ರಿ ಹೊತ್ತಿನಲ್ಲಿ ಅವಳಿಗೆ ಏನಾದರೂ ಆದರೆ ನಮಗೆ ತಿಳಿಸುವವರು ಯಾರು ಎಂಬುದು ನನ್ನ ಚಿಂತೆ. ಇಂತಹ ನಿಯಮ ಕಾನೂನಿಗೆ ಸರಿಯೇ?
– ಓದುಗರೊಬ್ಬರು, ಶಿರಸಿ

ಉತ್ತರ: ನೀವು ಬರೆದಿರುವುದನ್ನೇ ಹೋಲುವ ಪ್ರಕರಣವೊಂದು 2019ರಲ್ಲಿ ಕೇರಳ ಹೈಕೋರ್ಟಿನ ಮುಂದೆ ಬಂದಿತ್ತು. ಕೋಯಿಕ್ಕೋಡ್ ಜಿಲ್ಲೆಯ ಕಾಲೇಜೊಂದರ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮೊಬೈಲನ್ನು ಒಪ್ಪಿಸಬೇಕೆಂಬ ನಿಯಮವಿತ್ತು. ಅದಕ್ಕೆ ಒಪ್ಪದ ಪದವಿ ವಿದ್ಯಾರ್ಥಿನಿಯೊಬ್ಬರನ್ನು ಹಾಸ್ಟೆಲಿನಿಂದ ಹೊರಗೆ ಕಳುಹಿಸಲಾಗಿತ್ತು. ಆ ವರ್ಷದ ಸೆಪ್ಟೆಂಬರಿನಲ್ಲಿ ತೀರ್ಪು ನೀಡಿದ ನ್ಯಾಯಾಲಯವು, ಅಂತರಜಾಲವನ್ನು ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೂ ಹೌದು, ಸಂವಿಧಾನದ 21ನೆಯ ವಿಧಿಯಡಿ ಬರುವ ಖಾಸಗಿತನದ ಹಕ್ಕಿನ ಭಾಗವೂ ಹೌದು ಎಂದು ಹೇಳಿ, ಆಕೆಯನ್ನು ಮರಳಿ ಸೇರಿಸಿಕೊಳ್ಳುವಂತೆ ಆದೇಶಿಸಿತು. ಶಿಸ್ತು ಬೇಡವೆಂದು ನ್ಯಾಯಾಲಯ ಹೇಳಲಿಲ್ಲ. ಶಿಸ್ತಿನ ಹೆಸರಿನಲ್ಲಿ ವಿದ್ಯಾರ್ಥಿಗಳ ಕಲಿಕೆಯ ದಾರಿಯನ್ನೇ ಮುಚ್ಚಬಾರದೆಂಬುದು ಅದರ ತಾತ್ಪರ್ಯವಾಗಿತ್ತು. ಬೇರೆ ರಾಜ್ಯದ ಹೈಕೋರ್ಟಿನ ತೀರ್ಪು ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ, ಇಂತಹ ವಾದ ಎದ್ದಾಗ ಅದನ್ನು ಮುಂದಿಟ್ಟು ಪರಿಗಣಿಸುವಂತೆ ಕೇಳಬಹುದು. ಹದಿನೆಂಟು ತುಂಬಿದ ಪದವಿ ವಿದ್ಯಾರ್ಥಿನಿಗೂ, ಇನ್ನೂ ಹದಿನೆಂಟಾಗದ ಪಿಯುಸಿ ಹುಡುಗಿಗೂ ಒಂದೇ ನಿಯಮವನ್ನು ಅನ್ವಯಿಸುವ ಹಾಸ್ಟೆಲುಗಳು ಈ ವ್ಯತ್ಯಾಸವನ್ನು ಮರೆತಿರುತ್ತವೆ.

ಆದರೆ ಕೋರ್ಟಿನ ಮೆಟ್ಟಿಲು ಹತ್ತುವುದಕ್ಕಿಂತ ಮೊದಲು ಇತರ ಪೋಷಕರನ್ನೂ ಸೇರಿಸಿಕೊಂಡು ಪ್ರಾಂಶುಪಾಲರಿಗೆ ಒಂದು ಪತ್ರ ಬರೆಯಿರಿ. ಅದರಲ್ಲಿ ಹಕ್ಕಿನ ಮಾತಿಗಿಂತ ಮೊದಲು ಸಣ್ಣ ಪ್ರಶ್ನೆಗಳಿರಲಿ: ರಾತ್ರಿ ಎರಡು ಗಂಟೆಗೆ ಒಬ್ಬಳಿಗೆ ಹೊಟ್ಟೆನೋವು ಬಂದರೆ ಅವಳು ಯಾವ ಫೋನಿನಿಂದ ಕರೆ ಮಾಡಬೇಕು? ಆ ಫೋನು ಬೀಗ ಹಾಕಿದ ಕೋಣೆಯಲ್ಲಿದೆಯೇ? ಕೀಲಿಕೈ ಯಾರ ಬಳಿ ಇರುತ್ತದೆ? ವಾರ್ಡನ್ ರಜೆಯಲ್ಲಿದ್ದಾಗ ಅವರ ಜಾಗದಲ್ಲಿ ಕರೆ ಸ್ವೀಕರಿಸುವವರು ಯಾರು? ಈ ನಾಲ್ಕಕ್ಕೂ ಲಿಖಿತ ಉತ್ತರ ಸಿಗದಿದ್ದರೆ ಮೊಬೈಲನ್ನು ಕಿತ್ತಿಟ್ಟುಕೊಳ್ಳುವ ಅಧಿಕಾರ ಆ ಆಡಳಿತಕ್ಕೆ ಹೊಂದುವುದಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಕಾಲೇಜು ಸ್ಮಾರ್ಟ್‌ಫೋನಿಗೆ ಒಪ್ಪದೆ ಹೋದರೆ, ರಾತ್ರಿಯ ಮಟ್ಟಿಗೆ ಸಾದಾ ಕೀಪ್ಯಾಡ್ ಫೋನನ್ನಾದರೂ ಕೋಣೆಯಲ್ಲಿ ಇಟ್ಟುಕೊಳ್ಳಲು ಬಿಡಬೇಕೆಂದು ಕೇಳಿ; ಅದಕ್ಕೆ ನಿರಾಕರಿಸಲು ಓದಿನ ಕಾರಣವನ್ನು ಯಾರೂ ಕೊಡಲಾರರು. ಓದಿನ ಕಾರಣಕ್ಕೇ ಬಂದರೆ, ಐಐಟಿಗಳು ಅಂತರಜಾಲದಲ್ಲಿ ಕೊಡುವ ಎನ್‌ಪಿಟಿಇಎಲ್ ಪಾಠಗಳನ್ನಾಗಲಿ 2017ರಲ್ಲಿ ಆರಂಭವಾದ ‘ಸ್ವಯಂ’ ಎಂಬ ಕೇಂದ್ರ ಸರ್ಕಾರದ ಜಾಲತಾಣದ ಕೋರ್ಸುಗಳನ್ನಾಗಲಿ ನೋಡಲು ಹಾಸ್ಟೆಲಿನ ಹುಡುಗಿಯರಿಗೆ ಬಿಡುವಿರುವುದೇ ಸಂಜೆಯ ಹೊತ್ತಿನಲ್ಲಿ.

ಯಜಮಾನರ ಮಾತಿನಲ್ಲಿಯೂ ಹುರುಳಿಲ್ಲದಿಲ್ಲ. ದಿಂಬಿನ ಪಕ್ಕದ ಫೋನು ನಿದ್ದೆಯನ್ನು ತಿನ್ನುತ್ತದೆ. ಅದಕ್ಕೆ ಮದ್ದು, ಹನ್ನೊಂದರ ನಂತರ ಹಾಸಿಗೆಯಿಂದ ದೂರದಲ್ಲಿ ಚಾರ್ಜಿಗೆ ಇಡುವ ಒಪ್ಪಂದವನ್ನು ಕೋಣೆಯ ಹುಡುಗಿಯರು ತಾವೇ ಮಾಡಿಕೊಳ್ಳುವುದು.

ಪ್ರಶ್ನೆ: ನಾನು ಪ್ರಥಮ ದರ್ಜೆ ಕಾಲೇಜಿನಲ್ಲಿ ಅಧ್ಯಾಪಕ. ಮೊಬೈಲನ್ನು ತರಗತಿಯೊಳಗೆ ಬಿಡಬೇಕೋ, ಬಾಗಿಲ ಹೊರಗೇ ಇಡಿಸಬೇಕೋ ಎಂಬ ಬಗ್ಗೆ ನಮ್ಮ ಸಿಬ್ಬಂದಿ ಸಭೆಯಲ್ಲಿ ಪ್ರತಿ ವರ್ಷವೂ ಜಗಳವಾಗುತ್ತದೆ. ತಮ್ಮ ನಿಲುವೇನು?
– ಅಧ್ಯಾಪಕರು, ಹಾಸನ ಜಿಲ್ಲೆ

ಉತ್ತರ: ಎರಡೂ ಕಡೆಯವರು ಇಡೀ ಗಂಟೆಯ ಮಾತನ್ನೇ ಆಡುತ್ತಿರುವುದರಿಂದ ಜಗಳ ಮುಗಿಯುತ್ತಿಲ್ಲ. ಒಂದು ಗಂಟೆಯ ಪಾಠದಲ್ಲಿ ಮೊಬೈಲಿಗೆ ಹತ್ತು ನಿಮಿಷದ ಕೆಲಸವಿರಬಹುದು. ಉಳಿದ ಐವತ್ತು ನಿಮಿಷ ಅದು ಕಣ್ಣಿಗೆ ಬೀಳದಂತೆ ಚೀಲದಲ್ಲಿರಬೇಕು. ಜೇಬಿನಲ್ಲಿದ್ದರೆ ಸಾಲದೇ ಎಂದು ಕೇಳಬಹುದು. ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಫೋನನ್ನು ಸದ್ದಿಲ್ಲದಂತೆ ಮಾಡಿ ಮೇಜಿನ ಮೇಲೆ ಕವುಚಿ ಇಟ್ಟವರಿಗಿಂತ ಬೇರೆ ಕೋಣೆಯಲ್ಲಿ ಬಿಟ್ಟು ಬಂದವರು ಗಮನ ಮತ್ತು ನೆನಪಿನ ಪರೀಕ್ಷೆಗಳಲ್ಲಿ ಮೇಲುಗೈ ಸಾಧಿಸಿದ್ದರು. ಒಮ್ಮೆ ಚದುರಿದ ಗಮನ ಪಾಠಕ್ಕೆ ಮರಳಲು ಇಪ್ಪತ್ತು ನಿಮಿಷಗಳವರೆಗೂ ಹಿಡಿಯಬಹುದೆಂದು ಯುನೆಸ್ಕೋ ತನ್ನ 2023ರ ಶಿಕ್ಷಣ ವರದಿಯಲ್ಲಿ ಎಚ್ಚರಿಸಿದೆ.

ಹಾಗಾದರೆ ಆ ಹತ್ತು ನಿಮಿಷ ಏತಕ್ಕೆ? ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯು ಇಂಗ್ಲಿಷಿನಲ್ಲಿ ಅರ್ಥಶಾಸ್ತ್ರವನ್ನೋ ರಸಾಯನಶಾಸ್ತ್ರವನ್ನೋ ಎದುರಿಸುವಾಗ ಪದವೊಂದರ ಅರ್ಥವನ್ನು ಅಲ್ಲಿಯೇ ನಿಘಂಟಿನಲ್ಲಿ ನೋಡಿಕೊಳ್ಳಲು. ಕೈ ಎತ್ತಿ ಉತ್ತರಿಸಲು ಸಂಕೋಚಪಡುವ ಕೊನೆಯ ಬೆಂಚಿನವರು ಗೂಗಲ್ ಫಾರ್ಮಿನ ಐದು ಪ್ರಶ್ನೆಗಳಿಗೆ ಉತ್ತರಿಸಲು, ಅದನ್ನು ನೋಡಿ ಪಾಠ ಎಷ್ಟು ತಲುಪಿದೆಯೆಂದು ನೀವು ಅಳೆಯಲು. ರಾಜ್ಯ ಸರ್ಕಾರವು 2021ರಲ್ಲಿ ಸರ್ಕಾರಿ ಪದವಿ ಕಾಲೇಜುಗಳ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚಿದ್ದರ ಹಿಂದೆ ಇದ್ದುದೂ ಇಂತಹದೇ ಕಲಿಕೆಯ ಉದ್ದೇಶ. ಎಲ್ಲರ ಬಳಿಯೂ ಡೇಟಾ ಇರುವುದಿಲ್ಲವಾದ್ದರಿಂದ ಮೂವರಿಗೆ ಒಂದು ಫೋನು ಸಾಕೆಂದು ಹೇಳಿ ಗುಂಪು ಮಾಡಿ. ಇಲ್ಲದವರು ಇಲ್ಲವೆಂದು ಹೇಳಿಕೊಳ್ಳುವ ಮುಜುಗರವೂ ತಪ್ಪುತ್ತದೆ. ಕಪ್ಪುಹಲಗೆಯ ಫೋಟೋ ತೆಗೆದುಕೊಳ್ಳುವ ಅಭ್ಯಾಸವನ್ನು ಮಾತ್ರ ನಾನು ಒಪ್ಪಲಾರೆ. ಫೋಟೋ ತೆಗೆದವನು ಪಾಠ ಜೇಬಿಗೆ ಬಂತೆಂದುಕೊಳ್ಳುತ್ತಾನೆ. ಪರೀಕ್ಷೆಯ ಹಿಂದಿನ ರಾತ್ರಿ ಸಾವಿರ ಫೋಟೋಗಳ ನಡುವೆ ಅದು ಸಿಗುವುದಿಲ್ಲ.

ಪ್ರಶ್ನೆ: ಸಂಜೆ ಲ್ಯಾಬ್ ಮುಗಿಸಿ ಬಸ್ಸಿಳಿದ ಮೇಲೆ ಮನೆಗೆ ಎರಡು ಕಿಲೋಮೀಟರ್ ನಡೆಯಬೇಕು. ತುರ್ತು ಸಂದರ್ಭಕ್ಕೆ ಫೋನಿನಲ್ಲಿ ಏನೇನು ಸಿದ್ಧ ಮಾಡಿಟ್ಟುಕೊಳ್ಳಬೇಕು?
– ವಿದ್ಯಾರ್ಥಿನಿ, ತೀರ್ಥಹಳ್ಳಿ

ಉತ್ತರ: ಪೊಲೀಸ್, ಅಗ್ನಿಶಾಮಕ, ಆಂಬುಲೆನ್ಸ್ ಮೂರಕ್ಕೂ ಈಗ 112 ಒಂದೇ ಸಂಖ್ಯೆ. ಕೇಂದ್ರ ಸರ್ಕಾರ 2016ರಲ್ಲಿ ಮಾಡಿದ ನಿಯಮದಂತೆ ಹೊಸ ಫೋನುಗಳಲ್ಲೆಲ್ಲ ತುರ್ತು ಗುಂಡಿಯ ವ್ಯವಸ್ಥೆ ಇರಬೇಕು: ಸ್ಮಾರ್ಟ್‌ಫೋನಿನಲ್ಲಿ ಪವರ್ ಗುಂಡಿಯನ್ನು ಬೇಗಬೇಗನೆ ಮೂರು ಸಲ ಒತ್ತುವುದು, ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9ನ್ನು ಒತ್ತಿ ಹಿಡಿಯುವುದು. ತಯಾರಕರಿಂದ ತಯಾರಕರಿಗೆ ಇದರಲ್ಲಿ ವ್ಯತ್ಯಾಸವಿರುವುದರಿಂದ ಸೆಟ್ಟಿಂಗ್ಸ್‌ನ ತುರ್ತು ವಿಭಾಗವನ್ನು ಇಂದೇ ತೆರೆದು ನೋಡಿ, ಮನೆಯವರ ಸಂಖ್ಯೆಯನ್ನೂ ಅಲ್ಲಿ ಸೇರಿಸಿ. ನಿಮ್ಮ ಕಡೆ ಸಿಗ್ನಲ್ಲಿನ ಪಾಡು ಏನೆಂಬುದು ಲಾಕ್‌ಡೌನ್ ಕಾಲದಲ್ಲಿ ಗುಡ್ಡ ಹತ್ತಿ ಪಾಠ ಕೇಳಿದ ಮಲೆನಾಡಿನ ಮಕ್ಕಳಿಗೆ ಹೇಳಿಕೊಡಬೇಕಾಗಿಲ್ಲ. ಆದರೂ ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದ ಕಡೆ ಬೇರೆ ಕಂಪನಿಯ ಸಿಗ್ನಲ್ ಇದ್ದರೆ 112ರ ಕರೆ ಅದರ ಮೂಲಕ ಹೋಗಬಹುದೆಂಬುದು ನೆನಪಿರಲಿ.

ಬಸ್ಸಿಳಿದೊಡನೆ ವಾಟ್ಸ್ಆ್ಯಪ್‌ನಲ್ಲಿ ಒಂದು ಗಂಟೆಯ ಲೈವ್ ಲೊಕೇಶನ್ನನ್ನು ಮನೆಯ ಒಬ್ಬರಿಗೆ ಕಳುಹಿಸಿ. ಹತ್ತು ಮಂದಿಯ ಗುಂಪಿಗೆ ಕಳುಹಿಸಿದರೆ, ಇನ್ನೊಬ್ಬರು ನೋಡುತ್ತಾರೆಂದು ಎಲ್ಲರೂ ಸುಮ್ಮನಿರುತ್ತಾರೆ. ನಡೆಯುವಾಗ ಇಯರ್‌ಫೋನ್ ಬೇಡ. ಲ್ಯಾಬ್ ಇರುವ ದಿನ ಮಧ್ಯಾಹ್ನವೇ ಚಾರ್ಜ್ ಮಾಡಿಕೊಳ್ಳಿ.

ಪ್ರಶ್ನೆ: ಸಹಪಾಠಿಯೊಬ್ಬ ನನ್ನ ಫೋಟೋಗಳನ್ನು ತಿದ್ದಿ ಅಶ್ಲೀಲವಾಗಿ ಮಾಡಿ, ಮಾತು ಕೇಳದಿದ್ದರೆ ಗುಂಪಿನಲ್ಲಿ ಹಾಕುತ್ತೇನೆಂದು ಹೆದರಿಸುತ್ತಿದ್ದಾನೆ. ಮನೆಯಲ್ಲಿ ಹೇಳಿದರೆ ಕಾಲೇಜನ್ನೇ ಬಿಡಿಸುತ್ತಾರೆ.
– ಹೆಸರು, ಊರು ಬೇಡ

ಉತ್ತರ: ಮೊದಲಿಗೆ, ಆ ಸಂದೇಶಗಳನ್ನು ಅಳಿಸಬೇಡಿ. ಸಂಖ್ಯೆ, ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ನಂಬಿಕೆಯ ಇನ್ನೊಬ್ಬರ ಬಳಿಯೂ ಇರಿಸಿ. ಅವನೊಡನೆ ಚೌಕಾಸಿ ಬೇಡ, ಹಣವಂತೂ ಬೇಡ. ಒಮ್ಮೆ ಕೊಟ್ಟರೆ ಮತ್ತೆ ಕೇಳುತ್ತಾನೆ. ಅಶ್ಲೀಲ ಚಿತ್ರವನ್ನು ಮೊಬೈಲಿನ ಮೂಲಕ ಹರಡುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ನೆಯ ಕಲಮಿನಡಿ ಅಪರಾಧ. ಹೀಗೆ ಬೆದರಿಸುವುದೂ ಅಪರಾಧವೇ. ರಾಷ್ಟ್ರೀಯ ಸೈಬರ್ ಅಪರಾಧ ಜಾಲತಾಣದಲ್ಲಿ ಮಹಿಳೆಯರಿಗೆ ಸಂಬಂಧಿಸಿದ ಇಂತಹ ದೂರನ್ನು ಹೆಸರು ಹೇಳದೆಯೂ ಸಲ್ಲಿಸಬಹುದು. ಜೊತೆಗೆ, ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2015ರ ನಿಯಮಾವಳಿಯಂತೆ, ಲೈಂಗಿಕ ಕಿರುಕುಳದ ದೂರುಗಳನ್ನು ವಿಚಾರಿಸುವ ಆಂತರಿಕ ದೂರು ಸಮಿತಿ ನಿಮ್ಮ ಕಾಲೇಜಿನಲ್ಲಿ ಇರಲೇಬೇಕು; ಘಟನೆ ನಡೆದ ಮೂರು ತಿಂಗಳೊಳಗೆ ಅದಕ್ಕೆ ಲಿಖಿತ ದೂರು ಕೊಡಿ. ದೂರುದಾರಳ ಗುರುತನ್ನು ಗೋಪ್ಯವಾಗಿಡುವುದು ಸಮಿತಿಯ ಕರ್ತವ್ಯ. ಮನಸ್ಸು ಕುಗ್ಗಿದಾಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಮನೆಯವರ ವಿಷಯಕ್ಕೆ ಬಂದರೆ, ಅಕ್ಕನೋ ಚಿಕ್ಕಮ್ಮನೋ ಸೋದರಮಾವನೋ, ಬೈಯುವ ಮೊದಲು ಕೇಳಿಸಿಕೊಳ್ಳುವವರು ಒಬ್ಬರಾದರೂ ಇದ್ದಾರು. ಅವರಿಗೆ ಈ ವಾರವೇ ಹೇಳಿ.

ಪ್ರಶ್ನೆ: ವಿದ್ಯಾರ್ಥಿಗಳ ಸುರಕ್ಷತೆಗಾಗಿ ನಮ್ಮ ಕಾಲೇಜು ಒಂದು ಆ್ಯಪ್ ಕೊಳ್ಳಬೇಕೆಂದಿದೆ. ಅದು ಪ್ರತಿಯೊಬ್ಬ ವಿದ್ಯಾರ್ಥಿ ಎಲ್ಲಿದ್ದಾನೆಂದು ದಿನವಿಡೀ ತೋರಿಸುತ್ತದೆಯಂತೆ. ಕೊಳ್ಳಬಹುದೇ?
– ಪ್ರಾಂಶುಪಾಲರು, ತುಮಕೂರು ಜಿಲ್ಲೆ

ಉತ್ತರ: ಕಾಲೇಜು ಬಿಟ್ಟ ಮೇಲೂ ಹಿಂಬಾಲಿಸುವ ಆ್ಯಪ್ ಬೇಡ. ಭಾನುವಾರ ಹುಡುಗನೊಬ್ಬ ಎಲ್ಲಿಗೆ ಹೋಗಿದ್ದನೆಂಬ ಮಾಹಿತಿ ನಿಮ್ಮ ಕಚೇರಿಯ ಕಂಪ್ಯೂಟರಿನಲ್ಲಿದ್ದರೆ, ಅದು ಸೋರಿಹೋಗದಂತೆ ಕಾಯುವ ಹೊಣೆಯೂ ನಿಮ್ಮ ಮೇಲೆಯೇ ಬೀಳುತ್ತದೆ. ಆ ಹಣ ಖರ್ಚು ಮಾಡುವ ಮುನ್ನ ಒಂದು ಸಂಜೆ, ಮೂರು ಬೇರೆ ಬೇರೆ ಕಂಪನಿಯ ಸಿಮ್ ಇರುವ ಫೋನುಗಳನ್ನು ಹಿಡಿದು ಕಾಲೇಜಿನ ಆವರಣವನ್ನೆಲ್ಲ ಒಮ್ಮೆ ಸುತ್ತಿ ಬನ್ನಿ: ಗ್ರಂಥಾಲಯದ ಹಿಂಭಾಗ, ಹೆಣ್ಣುಮಕ್ಕಳ ಶೌಚಾಲಯ, ಸೈಕಲ್ ಸ್ಟ್ಯಾಂಡು, ಹಾಸ್ಟೆಲಿಗೆ ಹೋಗುವ ಕಾಲುದಾರಿ. ಎಲ್ಲಿ ಮೂರೂ ಫೋನುಗಳು ಸತ್ತಂತಿರುತ್ತವೆಯೋ ಅಲ್ಲಿ ಯಾವ ಆ್ಯಪೂ ಕೆಲಸ ಮಾಡದು. ಆ ಜಾಗಗಳಿಗೆ ಮೊದಲು ಒಂದು ದೀಪ, ಒಂದು ಕರೆಗಂಟೆ, ಆ ಗಂಟೆಗೆ ಓಗೊಡುವ ಒಬ್ಬ ಕಾವಲುಗಾರ ಬೇಕು.