ಮೊದಲ ಸಲ ಡಾಗ್ ಶೋಗೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮಸ್ಕಾರ ಸರ್. ನಮ್ಮ ತೋಟದಾಗ ಹತ್ತು ತಿಂಗಳ ಮುಧೋಳ ಗಂಡು ನಾಯಿ ಐತ್ರಿ. ನೋಡಿದವರೆಲ್ಲ ಶೋಕ್ಕ ಒಯ್ರಿ ಅಂತಾರ. ಮರಿ ಕೊಟ್ಟವರು ಕಾಗದ ಏನೂ ಕೊಟ್ಟಿಲ್ಲ. ಹಂಗ ಒಯ್ದ್ರ ನಡೀತೈತೇನ್ರಿ?
– ಓದುಗರು, ಲೋಕಾಪುರ

ಉತ್ತರ: ಕಾಗದ ಮೊದಲು, ಶೋ ಆಮೇಲೆ. ಚೆನ್ನೈಯ ಕೆನಲ್ ಕ್ಲಬ್ ಆಫ್ ಇಂಡಿಯಾದ ನಿಯಮದಂತೆ ನಡೆಯುವ ಚಾಂಪಿಯನ್‌ಶಿಪ್ ಶೋಗಳಿಗೆ ನಾಯಿಯ ನೋಂದಣಿ ಬೇಕು, ನೋಂದಣಿಗೆ ಮೈಕ್ರೋಚಿಪ್ ಬೇಕು. ಅಕ್ಕಿಕಾಳಿನಷ್ಟಿರುವ ಈ ಚಿಪ್ ಅನ್ನು ಪಶುವೈದ್ಯರು ಭುಜಗಳ ನಡುವೆ ಚರ್ಮದ ಕೆಳಗೆ ಸೂಜಿಯಿಂದ ಇಳಿಸುತ್ತಾರೆ. ಅದರ 15 ಅಂಕಿಯ ಸಂಖ್ಯೆ ಎಲ್ಲ ಕಾಗದದಲ್ಲೂ ಒಂದೇ ಇರಬೇಕು. ಒಂದು ಅಂಕಿ ತಪ್ಪಿದರೂ ತಿದ್ದಿಸಲು ಓಡಾಟ.

ಮರಿ ಕೊಟ್ಟವರನ್ನು ಮತ್ತೊಮ್ಮೆ ಕೇಳಿ: ತಂದೆ-ತಾಯಿ ಎರಡೂ ನೋಂದಾಯಿತವೇ? ಹೌದಾದರೆ ಅವರೇ ಆ ಸೂಲಿನ ಮರಿಗಳನ್ನು ನೋಂದಾಯಿಸಿ, ಮಾಲೀಕತ್ವ ವರ್ಗಾವಣೆಯ ಅರ್ಜಿಗೆ ಸಹಿ ಹಾಕಿ ಕೊಡಬೇಕು. ಮರಿ ಕೊಳ್ಳಲು ಹೊರಟಿರುವ ಉಳಿದ ಓದುಗರಿಗೂ ಹೇಳುವ ಮಾತಿದು. ಸಹಿ ಆಗುವ ಮೊದಲೇ ಪೂರ್ತಿ ದುಡ್ಡು ಎಣಿಸಿದರೆ ಆಮೇಲೆ ಫೋನ್ ಎತ್ತುವವರಿರುವುದಿಲ್ಲ. ತಂದೆ-ತಾಯಿಗೂ ಕಾಗದವಿಲ್ಲದಿದ್ದರೆ, ದೇಶಿ ತಳಿಯ ನಾಯಿಯನ್ನು ಪರಿಶೀಲಿಸಿ ನೋಂದಾಯಿಸಿಕೊಳ್ಳುವ ಬಗ್ಗೆ ಕ್ಲಬ್ಬಿನ ಕಚೇರಿಗೇ ಬರೆದು ಕೇಳಿ. ಅಲ್ಲಿ ಈ ತಳಿಗೆ ಕ್ಯಾರವಾನ್ ಹೌಂಡ್ ಎಂಬ ಹೆಸರೂ ಇದೆ, ಬೇರೆ ನಾಯಿ ಎಂದು ಗಾಬರಿಯಾಗಬೇಡಿ. ನಾಯಿ ತಳಿಗೆ ತಕ್ಕಂತೆ ಇದೆಯೇ ಎಂದು ತೋರಿಸಲು ನಿಮಗೆ ದೂರ ಹೋಗುವ ಕೆಲಸವಿಲ್ಲ. ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ನಿಮ್ಮದೇ ತಾಲ್ಲೂಕಿನ ತಿಮ್ಮಾಪುರದಲ್ಲಿದೆ.

ಇನ್ನು ಮೈಕಟ್ಟು. ಬೆಳೆದ ಗಂಡು ಭುಜದ ಹತ್ತಿರ ಸುಮಾರು 68ರಿಂದ 72 ಸೆಂ.ಮೀ. ಎತ್ತರ. ಉದ್ದನೆಯ ಕಿರಿದಾದ ತಲೆ, ಕಪಾಲಕ್ಕೆ ಅಂಟಿದಂತೆ ಇಳಿಬಿದ್ದ ಕಿವಿ, ಆಳವಾದ ಎದೆ, ನೇರ ಮುಂಗಾಲು, ಕೆಳಗೆ ಹುಟ್ಟಿ ಸಹಜವಾಗಿ ಬಾಗಿದ ಬಾಲ. ಇವು ಹುಟ್ಟಿನಿಂದ ಬರಬೇಕಾದವು. ನಾವು ಕೆಡಿಸುವುದು ಪಾದ ಮತ್ತು ಚರ್ಮ. ದಿನವಿಡೀ ಫರ್ಸಿಯ ಮೇಲೆ ಸರಪಳಿಯಲ್ಲಿ ಕಟ್ಟಿದ ನಾಯಿಯ ಮೊಣಕೈ ಜಡ್ಡುಗಟ್ಟಿ ಕೂದಲು ಉದುರುತ್ತದೆ, ಕುತ್ತಿಗೆಯ ಸುತ್ತ ಬೋಳು ಪಟ್ಟಿ ಬೀಳುತ್ತದೆ. ಓಡಾಟವಿಲ್ಲದೆ ಉಗುರು ಸವೆಯುವುದಿಲ್ಲ. ಉಗುರು ಉದ್ದವಾದರೆ ನಿಂತಾಗ ನೆಲಕ್ಕೆ ಒತ್ತಿ ಬೆರಳು ಹರಡುತ್ತವೆ. ಜಡ್ಜ್ ಕಣ್ಣಿಗೆ ಅದು ಮೊದಲೇ ಬೀಳುತ್ತದೆ. ವಾರಕ್ಕೊಮ್ಮೆ ತುದಿಯಷ್ಟೇ ಕತ್ತರಿಸಿ. ಒಳಗಿನ ರಕ್ತನಾಳಕ್ಕೆ ತಾಕಿತೋ, ಮುಂದೆ ಪಾದ ಮುಟ್ಟಲೂ ನಾಯಿ ಬಿಡುವುದಿಲ್ಲ. ರಾತ್ರಿ ಮಲಗಲು ಗೋಣಿಚೀಲ ಹಾಸಿ, ಹಗಲು ಬೇಲಿಯೊಳಗೆ ಬಿಡಿ.

ಶೋ ಇದೆಯೆಂದು ತಿನ್ನಿಸಿ ದಪ್ಪ ಮಾಡಬೇಡಿ. ಈ ತಳಿಯಲ್ಲಿ ಹಿಂದಿನ ಎರಡು ಮೂರು ಪಕ್ಕೆಲುಬು ತುಸು ಕಾಣುವುದೇ ಸರಿ. ಜೋಳದ ರೊಟ್ಟಿ, ಹಾಲಿನ ಜೊತೆಗೆ ಮೊಟ್ಟೆಯೋ ಮಾಂಸವೋ ಇಲ್ಲದಿದ್ದರೆ ಮಾತ್ರ ತೊಡೆಯ ಸ್ನಾಯು ತುಂಬುವುದಿಲ್ಲ.

ಪ್ರಶ್ನೆ: ನಮ್ಮ ಲ್ಯಾಬ್ರಡಾರ್ ಹೆಣ್ಣುಮರಿಗೆ ಐದು ತಿಂಗಳು. ಕಾಗದಪತ್ರ ಎಲ್ಲಾ ಇವೆ. ಯಾವ ವರ್ಗದಲ್ಲಿ ಹೆಸರು ಕೊಡಬೇಕು? ಈಗಿನಿಂದ ಏನು ಕಲಿಸಬೇಕು?
– ಓದುಗರು, ಟಿಳಕವಾಡಿ, ಬೆಳಗಾವಿ

ಉತ್ತರ: ವರ್ಗ ತೀರ್ಮಾನವಾಗುವುದು ಮರಿಯ ವಯಸ್ಸಿನ ಮೇಲೆ. ಹೆಸರು ಕೊಡುವ ದಿನದ ವಯಸ್ಸಲ್ಲ, ಶೋ ದಿನದ ವಯಸ್ಸು. ಇವತ್ತೇ ಶೋ ಇದ್ದಿದ್ದರೆ ನಿಮ್ಮದು ಮೈನರ್ ಪಪ್ಪಿ. ಆರು ತಿಂಗಳು ದಾಟಿದರೆ ಪಪ್ಪಿ. ಗಡುವು ಶೋಗೆ ಬಹಳ ಮೊದಲೇ ಮುಗಿಯುತ್ತದೆ, ಮೈದಾನದಲ್ಲಿ ನಿಂತು ಹೆಸರು ಬರೆಸಬಹುದು ಎಂದುಕೊಂಡು ಹೊರಡಬೇಡಿ. ರೇಬೀಸ್ ಮತ್ತು ಪಾರ್ವೋ-ಡಿಸ್ಟೆಂಪರ್ ಲಸಿಕೆಯ ಪುಸ್ತಕ ಕೈಯಲ್ಲಿರಲಿ.

ಐದು ತಿಂಗಳೆಂದರೆ ಹಲ್ಲು ಬೀಳುವ ಕಾಲ, ಒಸಡು ನೋಯುತ್ತಿರುತ್ತದೆ. ಈಗ ದಿನಾ ಬಾಯಿ ಬಿಡಿಸಿದರೆ ಮರಿ ಕೈ ಕಂಡರೇ ತಲೆ ಹಿಂದೆಳೆಯುತ್ತದೆ, ಆ ಭಯ ಜಡ್ಜ್ ಮುಂದೆ ನಾಯಿ ತೋರಿಸುವ ಅಂಗಳ, ಅಂದರೆ ರಿಂಗ್‌ವರೆಗೂ ಬರುತ್ತದೆ. ಹೊಸ ಹಲ್ಲು ಬರುವ ತನಕ ಮೈ, ಕಾಲು, ಬಾಲ ಸವರುವುದಷ್ಟೇ ಸಾಕು. ಆಮೇಲೆ ತುಟಿ ಮಾತ್ರ ಎತ್ತಿ ಮುಂದಿನ ಹಲ್ಲು ತೋರಿಸುವುದನ್ನು ಕಲಿಸಿ. ಮೇಲಿನ ಹಲ್ಲು ಕೆಳಗಿನದರ ಮುಂದೆ ಒತ್ತಾಗಿ ಕೂತಿರಬೇಕು, ಜಡ್ಜ್ ನೋಡುವುದು ಅದನ್ನೇ. ನಿಲ್ಲಿಸುವ ಅಭ್ಯಾಸ ಬೆಳಿಗ್ಗೆ, ಸಂಜೆ ಎರಡೆರಡು ನಿಮಿಷ. ಮುಂಗಾಲು ನೇರವಾಗಿ ಭುಜದಡಿ, ಹಿಂಗಾಲಿನ ಹಿಮ್ಮಡಿ ನೆಲಕ್ಕೆ ಲಂಬವಾಗಿರಲಿ. ಸೈಕಲ್ ಪಕ್ಕ ಓಡಿಸುವುದು ಈಗ ಬೇಡವೇ ಬೇಡ, ಎಲುಬು ಇನ್ನೂ ಎಳೆಯದು.

ಪ್ರಶ್ನೆ: ಮನೆ ಮುಂದೆ ಚೆನ್ನಾಗಿ ಓಡುವ ನಮ್ಮ ಡಾಬರ್‌ಮನ್ ರಿಂಗ್‌ನಲ್ಲಿ ಓಲಾಡುತ್ತ ನಡೆಯಿತು. ಜಡ್ಜ್ ಎರಡು ಸಲ ಓಡಿಸಿ ಹೊರಗೆ ಕಳಿಸಿದರು. ಕಾರಣವೇನು?
– ಓದುಗರು, ಇಂಡಿ, ವಿಜಯಪುರ ಜಿಲ್ಲೆ

ಉತ್ತರ: ನೀವು ನಿಧಾನವಾಗಿದ್ದಿರಿ. ದುಡಕಿ ಓಟದಲ್ಲಿ (ನಡಿಗೆಗಿಂತ ಚುರುಕಾದ, ನಾಗಾಲೋಟಕ್ಕಿಂತ ನಿಧಾನದ ಓಟ) ಬಲ ಮುಂಗಾಲು, ಎಡ ಹಿಂಗಾಲು ಒಟ್ಟಿಗೆ ಏಳಬೇಕು. ಹಿಡಿದವರು ಹೆಜ್ಜೆ ಹಾಕುತ್ತ ಹೋದರೆ ನಾಯಿ ಒಂದೇ ಬದಿಯ ಎರಡೂ ಕಾಲನ್ನು ಒಟ್ಟಿಗೆ ಎತ್ತಿ ಓಲಾಡುತ್ತದೆ. ಹಾಗಾದ ಕೂಡಲೇ ಲೀಡ್ (ಕೈಯಲ್ಲಿ ಹಿಡಿಯುವ ಹಗ್ಗ) ಅನ್ನು ಮೇಲಕ್ಕೆ ಮೆಲ್ಲಗೆ ಎಳೆದು, ತುಸು ತಿರುಗಿಸಿ, ವೇಗ ಹೆಚ್ಚಿಸಿ ಮತ್ತೆ ಹೊರಡಿ. ಎಷ್ಟು ವೇಗ ಎಂಬುದು ಮನೆಯಲ್ಲೇ ಗೊತ್ತಾಗಬೇಕು: ಒಬ್ಬರು ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಲಿ, ನಿಧಾನಗತಿಯಲ್ಲಿ ನೋಡಿ. ನಾಯಿ ಸದಾ ನಿಮ್ಮ ಎಡಕ್ಕೆ, ಸುತ್ತು ಗಡಿಯಾರದ ಎದುರು ದಿಕ್ಕಿಗೆ. ಜಡ್ಜ್ ನಡುವೆ ನಿಂತಿರುವುದರಿಂದ ಆಗ ನಾಯಿ ಅವರಿಗೂ ನಿಮಗೂ ಮಧ್ಯೆ ಇರುತ್ತದೆ. ತ್ರಿಕೋನವಾಗಿಯೂ, ನೇರವಾಗಿ ಹೋಗಿ ಬರುವಂತೆಯೂ ಓಡಿಸಿ ಎನ್ನುತ್ತಾರೆ, ಎರಡೂ ರೂಢಿಯಾಗಲಿ.

ಕಾರಣ ಇನ್ನೊಂದೂ ಇರಬಹುದು. ಡಾಂಬರು ರಸ್ತೆಯಲ್ಲಷ್ಟೇ ಓಡಿದ ನಾಯಿ ಹುಲ್ಲಿನ ಮೇಲೆ ಮೂಸುತ್ತ ತಲೆ ತಗ್ಗಿಸುತ್ತದೆ. ಶಾಲಾ ಮೈದಾನದಲ್ಲಿ ಬೆಳಿಗ್ಗೆ ಹತ್ತು ನಿಮಿಷ ಓಡಿಸಿ. ಕೊರಳಪಟ್ಟಿ ಕಿವಿಯ ಬುಡದ ಹಿಂದೆಯೇ ಇರಲಿ, ಭುಜಕ್ಕೆ ಜಾರಿದರೆ ನಾಯಿ ಗಾಡಿ ಎಳೆದಂತೆ ಎಳೆಯುತ್ತದೆ. ಬೇಯಿಸಿದ ಲಿವರ್ ಅನ್ನು ಬಟಾಣಿಯಷ್ಟು ಕತ್ತರಿಸಿ ಜೇಬಿನಲ್ಲಿಟ್ಟುಕೊಳ್ಳಿ, ಒಂದು ಹಿಡಿಗಿಂತ ಹೆಚ್ಚು ಬೇಡ. ಹೆಚ್ಚಾದರೆ ಮೈದಾನದಲ್ಲೇ ಭೇದಿ.

ಪ್ರಶ್ನೆ: ಸಂತಾನಹರಣ ಶಸ್ತ್ರಚಿಕಿತ್ಸೆ ಆದ ನಾಯಿಯನ್ನು ಶೋಗೆ ಒಯ್ಯಬಹುದೇ?
– ಓದುಗರು, ಅಥಣಿ

ಉತ್ತರ: ತಳಿಯ ರಿಂಗ್‌ಗೆ ಆಗದು. ಅಲ್ಲಿ ಆರಿಸುವುದು ಮುಂದೆ ಮರಿ ಹಾಕಿಸಲು ಯೋಗ್ಯವಾದ ನಾಯಿಯನ್ನು. ಗಂಡಿನ ಎರಡೂ ಬೀಜ ಇಳಿದಿವೆಯೇ ಎಂದು ಮುಟ್ಟಿ ನೋಡುವುದೂ ಅದಕ್ಕೇ. ಆಜ್ಞಾಪಾಲನೆಯ ಸ್ಪರ್ಧೆ ಇದ್ದರೆ ಸಂಘಟಕರನ್ನು ಕೇಳಿ ನೋಡಿ, ಅಲ್ಲಿ ಲೆಕ್ಕಕ್ಕೆ ಬರುವುದು ಕಲಿತ ವಿದ್ಯೆ.