ಹಲ್ಲಿಗೆ ಕ್ಲಿಪ್ ಹಾಕಿಸಿದಾಗ ಬರುವ ನೋವಿಗೂ ಗ್ಲಿಯಾ ಕೋಶಗಳಿಗೂ ಏನು ಸಂಬಂಧ?

ತಂತಿ ಬಿಗಿ ಮಾಡಿಸಿಕೊಂಡ ದಿನ ಅಷ್ಟೇನೂ ಅನಿಸುವುದಿಲ್ಲ. ಮಾರನೇ ದಿನ ಮೆತ್ತಗಿನ ಚಪಾತಿ ಕಚ್ಚಿದರೂ ಜೀವ ಹೋಗುತ್ತದೆ, ಅಲ್ವಾ?

ಹಲ್ಲಿನ ಬೇರಿಗೂ ಮೂಳೆಗೂ ನಡುವೆ ಸುಮಾರು 0.2 ಮಿಲಿಮೀಟರ್ ದಪ್ಪದ ನಾರಿನ ಪದರವಿದೆ. ತಂತಿ ಎಳೆದಾಗ ಅದು ಒಂದು ಬದಿ ನಜ್ಜಾಗುತ್ತದೆ. ಅಲ್ಲಿ ಪ್ರೊಸ್ಟಾಗ್ಲಾಂಡಿನ್‌ನಂಥ ನೋವು ಕೆರಳಿಸುವ ರಾಸಾಯನಿಕಗಳು ಸೇರಲು ಕೆಲವು ಗಂಟೆ ಬೇಕು. ನೋವು ತಡವಾಗಿ ಬರುವುದು ಅದಕ್ಕೇ.

ಈ ಸುದ್ದಿಯನ್ನು ಮೆದುಳಿಗೆ ಒಯ್ಯುವುದು ಮುಖ, ಹಲ್ಲುಗಳ ಟ್ರೈಜೆಮಿನಲ್ ನರ. ಅದರ ಹೆಚ್ಚಿನ ನರಕೋಶಗಳು ತಲೆಬುರುಡೆಯ ತಳದ ಒಂದು ಗಂಟಿನಲ್ಲಿವೆ. ಹಲಸಿನ ಬೀಜವನ್ನು ತೊಳೆ ಸುತ್ತಿಕೊಂಡ ಹಾಗೆ, ಒಂದೊಂದು ನರಕೋಶವನ್ನೂ ಸ್ಯಾಟಲೈಟ್ ಗ್ಲಿಯಾ ಕೋಶಗಳು ಸುತ್ತಿಕೊಂಡಿರುತ್ತವೆ. ಗ್ಲಿಯಾ ಅಂದರೆ ಅಂಟು. ಸುಮ್ನೆ ಹಿಡಿದಿಡುವ ಅಂಟು ಎಂದೇ ಬಹಳ ಕಾಲ ನಂಬಿದ್ದರು. ಹಾಗಲ್ಲ. ನೋವಿನ ಸಂಕೇತ ಬಂದಾಗ ಇವು ಎಚ್ಚೆತ್ತು ಇಂಟರ್‌ಲ್ಯೂಕಿನ್-1 ಬೀಟಾದಂಥ ಉರಿಯೂತದ ವಸ್ತು ಸುರಿಸುತ್ತವೆ. ಆಗ ನರಕೋಶ ಸಣ್ಣದಕ್ಕೂ ಕಿರುಚುತ್ತದೆ. ಗ್ಲಿಯಾ ಕೋಶಗಳ ನಡುವೆ ಕಿರುದಾರಿಗಳೂ ಇವೆ, ಅದರಿಂದ ಪಕ್ಕದ ನರಕೋಶಗಳೂ ಕೆರಳಬಹುದು. ನೋವು ಒಂದೇ ಹಲ್ಲಿಗೆ ನಿಲ್ಲದಿರಲು ಇದೂ ಒಂದು ಕಾರಣವಿರಬಹುದು.

ಮುಂದೆ ಮೆದುಳಿನ ಕಾಂಡದಲ್ಲಿ ಬೇರೆ ಬಗೆಯ ಗ್ಲಿಯಾ ಕೋಶಗಳಾದ ಮೈಕ್ರೋಗ್ಲಿಯಾ, ಆಸ್ಟ್ರೋಸೈಟ್‌ಗಳು ಇದೇ ಕೆಲಸ ಮುಂದುವರಿಸುತ್ತವೆ.

ಇದರಲ್ಲಿ ಬಹುಪಾಲು ತಿಳಿದದ್ದು ಇಲಿಗಳಿಂದ. ಮೈಕ್ರೋಗ್ಲಿಯಾದ ಚಟುವಟಿಕೆ ತಗ್ಗಿಸಲು ಪ್ರಯೋಗಗಳಲ್ಲಿ ಮಿನೋಸೈಕ್ಲಿನ್ ಎಂಬ ಆಂಟಿಬಯೋಟಿಕ್ ಬಳಸುತ್ತಾರೆ. ನೀವು ಅದನ್ನು ನುಂಗಲು ಹೋಗಬೇಡಿ, ಹಲ್ಲಿಗೇ ಕಲೆ ಕಟ್ಟಬಹುದು! ಕ್ಲಿಪ್ಪಿನ ನೋವು ಸಾಮಾನ್ಯವಾಗಿ ಒಂದು ವಾರದಲ್ಲಿ ಇಳಿಯುತ್ತದೆ. ಅಲ್ಲಿಯವರೆಗೆ ಮೊಸರನ್ನ.